ಹುಲ್ಲುಗಾವಲು ಕಳೆದುಕೊಂಡ ಕೃಷ್ಣಮೃಗ

ಮೃಗಶಿರಾ ಮಳೆ ಬಿದ್ದು ಸೋಯಾ, ಹೆಸರು, ಉದ್ದು ಎರಡೆಲೆ ಬಿಡುವ ಹೊತ್ತಿಗೆ ಬೀದರ್, ಭಾಲ್ಕಿ, ಔರಾದ್ ಸೀಮೆಯ ರೈತನಿಗೆ ಕಾವಲಿನ ಚಿಂತೆ ಹತ್ತಿಕೊಳ್ಳುತ್ತದೆ. ಹಳೆಯ ಸೀರೆಗಳ ಬೇಲಿ, ಬೆದರುಗೊಂಬೆ, ತಗಡಿನ ಸದ್ದು ಯಾವುದಕ್ಕೂ ಕೃಷ್ಣಮೃಗದ ಹಿಂಡು ಬಹಳ ದಿನ ಅಂಜುವುದಿಲ್ಲ. ಎಳೆಯ ಚಿಗುರು ಹೋದರೆ ಮತ್ತೆ ಬಿತ್ತಬೇಕು. ಬೀಜಕ್ಕೆ ಮತ್ತೊಮ್ಮೆ ಕೈಸಾಲ ಹುಟ್ಟುವಷ್ಟರಲ್ಲಿ ಭೂಮಿಯ ಹದ ಮೀರಿರುತ್ತದೆ. ಈ ನಷ್ಟವನ್ನು ನಗರದಲ್ಲಿ ಕುಳಿತು ವನ್ಯಜೀವಿ ಪ್ರೇಮದ ಮಾತನಾಡುವವರು ಲಘುವಾಗಿ ಕಾಣಬಾರದು.

ನಾವು ಜಿಂಕೆಯೆಂದು ಕರೆದರೂ ಕೃಷ್ಣಮೃಗ ಜಿಂಕೆಯ ಕುಲದ್ದಲ್ಲ. ಜಿಂಕೆಯ ಕೊಂಬು ವರ್ಷವರ್ಷವೂ ಉದುರಿ ಬೆಳೆಯುತ್ತದೆ. ಗಂಡು ಕೃಷ್ಣಮೃಗದ ಸುರುಳಿಕೊಂಬು ಬದುಕಿರುವಷ್ಟು ಕಾಲ ಅದರದೇ. ಇದು ದಟ್ಟ ಕಾಡಿನ ಪ್ರಾಣಿಯೂ ಅಲ್ಲ. ದೂರದವರೆಗೆ ಕಣ್ಣು ಹಾಯುವ ಬಯಲೇ ಅದರ ಕೋಟೆ. ಸಮಸ್ಯೆಯ ಬೇರು ಇರುವುದೇ ಇಲ್ಲಿ.

ಕೊಂದು ಸಂಖ್ಯೆ ಇಳಿಸಿ ಎಂಬ ಆಗ್ರಹಕ್ಕೆ ಕಾನೂನು ಎಡೆಗೊಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯನ್ನು ಮನುಷ್ಯನ ಜೀವಕ್ಕೆ ಅಪಾಯವಾದಾಗ ಅಥವಾ ಅದು ಗುಣವಾಗದ ಸ್ಥಿತಿಯಲ್ಲಿದ್ದಾಗ ಮಾತ್ರ ಕೊಲ್ಲಲು ಅನುಮತಿ ದೊರೆಯುತ್ತದೆ. ಬೆಳೆಹಾನಿ ಆ ಪಟ್ಟಿಯಲ್ಲಿಲ್ಲ. 2022ರ ತಿದ್ದುಪಡಿಯ ನಂತರವೂ ಕೃಷ್ಣಮೃಗ ಮೊದಲ ಅನುಸೂಚಿಯಲ್ಲೇ ಇದೆ.

ಹಾಗಾದರೆ ಹಿಡಿದು ಬೀದರ್ ನಗರದ ಅಂಚಿನಲ್ಲೊಂದು ಉದ್ಯಾನ ಮಾಡಿ ಬೇಲಿಯೊಳಗೆ ಬಿಟ್ಟರಾಯಿತಲ್ಲ? ಮಕ್ಕಳಿಗೆ ನೋಡಲು ಚೆಂದ, ರೈತನಿಗೂ ನೆಮ್ಮದಿ ಎಂದು ತೋರುತ್ತದೆ. ದೆಹಲಿಯ ಹೌಜ್ ಖಾಸ್ ಉದ್ಯಾನದ ಕಥೆ ಕೇಳಿದವರು ಹೀಗೆ ಹೇಳಲಾರರು. 1960ರ ದಶಕದಲ್ಲಿ ಬೆರಳೆಣಿಕೆಯ ಜಿಂಕೆಗಳಿಂದ ಆರಂಭವಾದ ಆ ಆವರಣದಲ್ಲಿ ಸಂಖ್ಯೆ ಸುಮಾರು 600ಕ್ಕೆ ಏರಿತು. 2023ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಅದರ ಕಿರು ಮೃಗಾಲಯದ ಮಾನ್ಯತೆಯನ್ನೇ ರದ್ದುಪಡಿಸಿತು. ಜಿಂಕೆಗಳನ್ನು ಬೇರೆಡೆಗೆ ಸಾಗಿಸುವ ಯತ್ನ ನ್ಯಾಯಾಲಯದ ಮೆಟ್ಟಿಲೇರಿತು. ತೋಳವಿಲ್ಲದ ಬೇಲಿಯೊಳಗೆ ಸಂತಾನ ಬೆಳೆಯುತ್ತದೆ, ಮೇವು ಬೆಳೆಯುವುದಿಲ್ಲ.

ಸ್ಥಳಾಂತರವೂ ಸುಲಭವಲ್ಲ. ಬೆದರಿದ ಕೃಷ್ಣಮೃಗ ಹಿಡಿಯುವ ಗದ್ದಲದ ಆಘಾತಕ್ಕೇ ಸಾಯಬಹುದು. ಮಧ್ಯಪ್ರದೇಶದಲ್ಲಿ 2025ರಲ್ಲಿ ದಕ್ಷಿಣ ಆಫ್ರಿಕಾದ ಪರಿಣತರ ನೆರವಿನಿಂದ, ಹೆಲಿಕಾಪ್ಟರ್ ಬಳಸಿ, ಹೊಲಗಳಲ್ಲಿದ್ದ 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹಿಡಿದು ಅಭಯಾರಣ್ಯಗಳಿಗೆ ಸಾಗಿಸಿದರು. ಅಲ್ಲಿ ಬಿಡಲು ವಿಶಾಲ ತಾಣಗಳಿದ್ದವು. ನಮ್ಮಲ್ಲಿ ಎಲ್ಲಿಗೆ ಬಿಡುವುದು?

ಬಿಡಬಹುದಾಗಿದ್ದ ಬಯಲನ್ನು ನಾವೇ ಕಳೆದುಕೊಂಡಿದ್ದೇವೆ. ಗಾಯರಾಣ ಜಮೀನು ಒತ್ತುವರಿಗೆ, ನಿವೇಶನಕ್ಕೆ ಹೋಯಿತು. ಉಳಿದದ್ದನ್ನು ಬಂಜರೆಂದು ಬರೆದು ಗಿಡ ನೆಟ್ಟೆವು. ಬಯಲನ್ನು ಹಸಿರು ಮಾಡುವ ಹಟ ನಮ್ಮ ಅರಣ್ಯ ಆಡಳಿತಕ್ಕೆ ಹಳೆಯದು. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲೇ ನೀಲಗಿರಿ ತೋಪುಗಳು ಹರಡಿಕೊಂಡಿವೆ. ನೀಲಗಿರಿಯ ನೆರಳಲ್ಲಿ ಕೃಷ್ಣಮೃಗ ಏನನ್ನು ಮೇಯಬೇಕು? ಪಕ್ಕದ ಹೊಲವನ್ನೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಕೇವಲ 800 ಎಕರೆಯಷ್ಟು ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಚಿಕ್ಕದಾದರೂ ಆ ಪ್ರಾಣಿಗೆ ಬೇಕಾದದ್ದು ಅಂಥದೇ ಬಯಲು.

ಇನ್ನೊಂದು ದಾರಿಯೂ ಕಾಯ್ದೆಯಲ್ಲೇ ಇದೆ. ಖಾಸಗಿ ಅಥವಾ ಊರಿನ ಜಮೀನನ್ನು ಒಡೆಯರ ಒಪ್ಪಿಗೆಯಿಂದ ಸಮುದಾಯ ಮೀಸಲು ಎಂದು ಘೋಷಿಸಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಹುಣಸೆ ಮರಗಳ ಒಡೆಯರಿಗೆ ಸರ್ಕಾರ ಫಸಲಿನ ನಷ್ಟ ತುಂಬಿಕೊಡುವ ಪದ್ಧತಿ ಬೆಳೆದುಬಂದಿದೆ. ಅದು ದಾನವಲ್ಲ, ಬಾಡಿಗೆ ಎಂದೇ ನಾನು ತಿಳಿಯುತ್ತೇನೆ. ಔರಾದಿನ ಒಣಭೂಮಿಯ ರೈತ ನಾಲ್ಕು ಎಕರೆಯಲ್ಲಿ ಒಂದನ್ನು ಹುಲ್ಲಿಗೆ ಬಿಟ್ಟರೆ ಅವನಿಗೂ ಇಂಥ ಬಾಡಿಗೆ ಸಲ್ಲಬೇಕು. ಬೆಳೆಪರಿಹಾರದ ಲೆಕ್ಕವೂ ಕಟಾವಿನ ನಷ್ಟಕ್ಕೆ ನಿಲ್ಲದೆ ಮರುಬಿತ್ತನೆಯ ಬೀಜ, ಕೂಲಿಯನ್ನು ಒಳಗೊಳ್ಳಬೇಕು. ಹಣ ಅದೇ ಹಂಗಾಮಿನಲ್ಲಿ ಕೈಸೇರಬೇಕು.

2023ರಲ್ಲಿ ಅರಣ್ಯ ಖಾತೆ ಭಾಲ್ಕಿಯ ಶಾಸಕ ಈಶ್ವರ ಖಂಡ್ರೆ ಅವರ ಪಾಲಿಗೆ ಬಂದಾಗ ಈ ಸೀಮೆಯ ರೈತರು ನಿರೀಕ್ಷೆ ಇಟ್ಟುಕೊಂಡದ್ದು ಸಹಜ. ಮೂರು ತಾಲ್ಲೂಕುಗಳಲ್ಲಿ ಉಳಿದಿರುವ ಗಾಯರಾಣವೆಷ್ಟು, ಅದರಲ್ಲಿ ಗಿಡ ನೆಟ್ಟದ್ದೆಷ್ಟು, ಒತ್ತುವರಿಯಾದದ್ದೆಷ್ಟು ಎಂಬುದನ್ನು ಕಂದಾಯ ಮತ್ತು ಅರಣ್ಯ ಇಲಾಖೆಗಳು ಒಟ್ಟಿಗೆ ಅಳೆದು, ಮುಂದಿನ ಮುಂಗಾರಿಗೆ ಮೊದಲು ಗ್ರಾಮ ಪಂಚಾಯಿತಿಗಳ ಮುಂದಿಡಲಿ.