ಅವ್ವನ ಹೆಬ್ಬೆರಳು, ತುಳಜಾಪುರದ ದಾರಿ

ಬನ್ನಿ ಕೊಟ್ಟು ದಸರೆ ಮುಗಿಸಿದ ಮರುದಿನದಿಂದ ಹುಮನಾಬಾದಿನ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಬೇರೆಯೇ ಕಾಣುತ್ತದೆ. ಪುಣೆಯಿಂದ ಮಚಲೀಪಟ್ಟಣದವರೆಗೆ ಹೋಗುವ ಈ 65ನೇ ನಂಬರಿನ ರಸ್ತೆಯಲ್ಲಿ ವರ್ಷವಿಡೀ ಲಾರಿಗಳದೇ ದರ್ಬಾರು. ಸೀಗಿ ಹುಣ್ಣಿಮೆಗೆ ಮುಂಚಿನ ನಾಲ್ಕೈದು ದಿನ ಮಾತ್ರ ಅದರ ಅಂಚಿನುದ್ದಕ್ಕೂ ಹೆಗಲಿಗೆ ಗಂಟು ಹಾಕಿಕೊಂಡ ಜನ, ಬಾಯಲ್ಲಿ "ಉದೋ ಉದೋ". ಹುಮನಾಬಾದಿನಿಂದ ಹೊರಟವರನ್ನು ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾದಲ್ಲಿ ಕೂಡಿಕೊಳ್ಳುತ್ತಾರೆ. ಅಲ್ಲಿಂದ ಉಮರ್ಗಾ, ನಳದುರ್ಗ, ಕಡೆಗೆ ಬಾಲಾಘಾಟ್ ಸಾಲಿನ ಬೆಟ್ಟದಲ್ಲಿರುವ ತುಳಜಾಪುರ. ಒಟ್ಟು 100 ಕಿ.ಮೀ.ಗೂ ಹೆಚ್ಚು. ನನ್ನ ಆಫೀಸಿನ ಗೆಳೆಯರು ಕುಮಾರ ಪರ್ವತ ಹತ್ತಿ ಬಂದು ಸೋಮವಾರ ಫೋಟೊ ತೋರಿಸುತ್ತಾರೆ. ಅರವತ್ತು ದಾಟಿದ ಹೆಂಗಸರು ನಾಲ್ಕು ದಿನ ನಡೆಯುವ ಇದಕ್ಕೆ ನಮ್ಮ ಕಡೆ ಯಾರೂ ಟ್ರೆಕ್ಕಿಂಗ್ ಅನ್ನುವುದಿಲ್ಲ.

ದಸರೆಯ ದಿನ ಸೀಮೋಲ್ಲಂಘನ ಮುಗಿಸಿದ ಭವಾನಿ ದಣಿದು ಮಂಚದ ಮೇಲೆ ಮಲಗುತ್ತಾಳೆ. ಅದಕ್ಕೆ ಶ್ರಮ ನಿದ್ರೆ ಅಂತಾರೆ. ಹುಣ್ಣಿಮೆಗೆ ಎಬ್ಬಿಸಿ ಮತ್ತೆ ಸಿಂಹಾಸನದ ಮೇಲೆ ಕೂಡಿಸುತ್ತಾರೆ. ಅಂದರೆ ಜನ ನಡೆಯುವ ದಿನಗಳೆಲ್ಲ ದೇವಿ ನಿದ್ದೆಯಲ್ಲಿರುತ್ತಾಳೆ. "ಆಕಿ ಏಳೋದ್ರಾಗ ನಾವು ಮುಟ್ಟಬೇಕು" ಅನ್ನುವುದು ಅವ್ವನ ಲೆಕ್ಕ.

ದಾರಿಯಲ್ಲಿ ರಾಜ್ಯದ ಗಡಿ ದಾಟುತ್ತೇವೆ ಅನ್ನುವುದು ಈ ಹೆಂಗಸರಿಗೆ ದೊಡ್ಡ ಸುದ್ದಿಯೇನಲ್ಲ. 1956ರವರೆಗೆ ಅತ್ತಲಿನ ಉಸ್ಮಾನಾಬಾದ್ (ಈಗಿನ ಧಾರಾಶಿವ), ಇತ್ತಲಿನ ಬೀದರ ಎರಡೂ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ. ಚಹಾದಂಗಡಿಯಲ್ಲಿ ಅವ್ವ ಯಾವಾಗ ಕನ್ನಡ ಬಿಟ್ಟು ಮರಾಠಿಗೆ ದಾಟಿದಳೆಂದು ಪಕ್ಕದಲ್ಲಿದ್ದ ನನಗೂ ಗೊತ್ತಾಗಲಿಲ್ಲ.

ಇದು ಹರಕೆಯ ನಡಿಗೆ. ಅಪ್ಪನ ಬೈಪಾಸ್ ಆದಾಗ ಐದು ಸೀಗಿ ಹುಣ್ಣಿಮೆಗೆ ಬರಿಗಾಲಲ್ಲಿ ನಡೆದು ಬರುತ್ತೇನೆ ಅಂತ ಅವ್ವ ಬೇಡಿಕೊಂಡಿದ್ದಳು. ಮೂರು ಮುಗಿದಿದ್ದವು. ಅಪ್ಪ ಶರಣರ ಊರಿನ ಮನುಷ್ಯ, ಗುಡಿ ಗುಂಡಾರ ಅಂದರೆ ಅಷ್ಟಕ್ಕಷ್ಟೆ. ನಾಲ್ಕನೆಯದಕ್ಕೆ ನಾನೂ ಹೋಗುತ್ತೇನೆ ಅಂದಾಗ ಅವರು ಅಂದಿದ್ದಿಷ್ಟು: "ಎದಿ ನಂದು, ಹರಕಿ ಅಕಿದು, ಸೂಟಿ ನಿಂದು. ನಡೀರಿ."

ನಾನು ಹೊರಟಿದ್ದು ಭಕ್ತಿಯಿಂದಲ್ಲ, ಅವ್ವನ ಸಕ್ಕರೆ ಕಾಯಿಲೆಯ ಭಯದಿಂದ. ಹನ್ನೆರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದಾಳೆ. ಹೊರಡುವ ತಿಂಗಳ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವ್ವನ ಕಣ್ಣು ಮುಚ್ಚಿಸಿ, ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತಿ, ಮುಟ್ಟಿದಾಗ ಹೇಳಿ ಅಂದರು. ಅವ್ವ "ಹೂಂ, ಹೂಂ" ಅನ್ನುತ್ತ ಹೋದಳು. ಬಲಗಾಲ ಹೆಬ್ಬೆರಳಿಗೆ ಒತ್ತಿದಾಗ ಸುಮ್ಮನಿದ್ದಳು. ಎರಡನೇ ಸಲ ಒತ್ತಿದಾಗಲೂ ಸುಮ್ಮನೆ. ನರಗಳು ಮಂದವಾಗಿವೆ, ಬರಿಗಾಲು ಬೇಡವೇ ಬೇಡ ಅಂದರು ಡಾಕ್ಟರು. ಕೆಲವು ಸಕ್ಕರೆ ಮಾತ್ರೆಗಳು ಉಪವಾಸ ಇದ್ದರೂ, ಮೈಲಿಗಟ್ಟಲೆ ನಡೆದರೂ ಸಕ್ಕರೆ ಇಳಿಸುತ್ತಲೇ ಇರುತ್ತವೆ. ಹಾಗಾಗಿ ನಡೆಯುವ ದಿನಗಳಿಗೆ ಮಾತ್ರೆಯ ಪ್ರಮಾಣವನ್ನೂ ಬದಲಿಸಿ ಬರೆದುಕೊಟ್ಟರು. (ಇದನ್ನು ನೀವು ನೀವೇ ಮಾಡಿಕೊಳ್ಳಬೇಡಿ, ಕೇಳಿಯೇ ಮಾಡಿ.)

"ಬೂಟು ಹಾಕ್ಕೊಂಡು ನಡದ್ರ ಅದೇನು ಹರಕಿ ಆಗ್ತದಪಾ?" ಅಂತ ಎರಡು ವಾರ ಜಗಳ. ಕಡೆಗೆ ರಸ್ತೆಯಲ್ಲಿ ಬೂಟು, ಗುಡಿಯಲ್ಲಿ ಬರಿಗಾಲು ಅಂತ ರಾಜಿಯಾಯಿತು.

ಬೆಳಗಿನ ಮೂರಕ್ಕೆ ಎದ್ದು ಹೊರಡುವುದು, ಹತ್ತರ ಬಿಸಿಲಿಗೆ ನೆರಳು ಹಿಡಿಯುವುದು, ನಾಲ್ಕಕ್ಕೆ ಮತ್ತೆ ಹೆಜ್ಜೆ. ದಾರಿಯುದ್ದಕ್ಕೂ ಊರವರು ಪೆಂಡಾಲು ಹಾಕಿ ಬಾಳೆಹಣ್ಣು, ಸಾಬುದಾಣಿ ಖಿಚಡಿ ಕೊಡುತ್ತಾರೆ, ಕಾಲು ಒತ್ತುವವರೂ ಇದ್ದಾರೆ. ಕತ್ತಲಲ್ಲಿ ಲಾರಿ ಬರ್ರನೆ ಪಕ್ಕದಲ್ಲೇ ಹಾದುಹೋದಾಗ ಮಾತ್ರ ಎದೆ ಝಲ್ಲೆನ್ನುತ್ತದೆ. ಹೊಳೆಯುವ ಪಟ್ಟಿಯ ಜಾಕೆಟ್ ಎಲ್ಲರಿಗೂ ತಂದಿದ್ದೆ. ಮೊದಲು ನಕ್ಕ ಹೆಂಗಸರು ಎರಡನೇ ರಾತ್ರಿ ತಾವಾಗಿ ಕೇಳಿ ಹಾಕಿಕೊಂಡರು. ನಾನು ಮುಂದೆ ಹೋಗಿ ನಿಲ್ಲುವುದು, ಅವ್ವ ಬಂದು ಸೇರುವುದು ಮೊದಲ ದಿನದ ಆಟ. ಅವ್ವ ಕೂತು ಏಳುವವಳಲ್ಲ, ಒಂದೇ ಗತಿಯಲ್ಲಿ ನಡೆಯುವವಳು. ಮಧ್ಯಾಹ್ನದ ಹೊತ್ತಿಗೆ ಹಿಂದೆ ಬಿದ್ದದ್ದು ನಾನು.

ಎರಡನೇ ದಿನ ಉಮರ್ಗಾ ದಾಟಿ ಒಂದು ಶಾಲೆಯ ಜಗಲಿಯಲ್ಲಿ ಇಳಿದುಕೊಂಡಿದ್ದೆವು. ಡಾಕ್ಟರು ಹೇಳಿದಂತೆ ಸಂಜೆ ಸಂಜೆ ಅವ್ವನ ಕಾಲು ತೊಳೆದು, ಮೊಬೈಲ್ ಬೆಳಕಲ್ಲಿ ಬೆರಳ ಸಂದಿ ಸಂದಿ ನೋಡುವುದು ನನ್ನ ಕೆಲಸ. ಮಗನ ಕೈಗೆ ಕಾಲು ಕೊಡಲು ಅವ್ವನಿಗೆ ಸಂಕೋಚ, ಸೆರಗು ಎಳೆದುಕೊಳ್ಳುತ್ತಿದ್ದಳು. ಅವತ್ತು ಬಲಗಾಲಿನ ಕಾಲುಚೀಲ ಒದ್ದೆಯಾಗಿತ್ತು. ಬಿಚ್ಚಿದರೆ ಹೆಬ್ಬೆರಳ ಕೆಳಗೆ ಒಂದು ರೂಪಾಯಿಯಷ್ಟಗಲದ ಬೊಬ್ಬೆ, ಒಡೆದು ಚರ್ಮ ಜಾರಿತ್ತು. ಮಧ್ಯಾಹ್ನವೇ ಒಡೆದಿರಬೇಕು. ಆಮೇಲೂ ಹತ್ತು ಕಿ.ಮೀ. ನಡೆದಿದ್ದಾಳೆ.

"ನೋವಿಲ್ಲೇನವ್ವ?"

"ಇಲ್ಲಲ್ಲಪಾ. ಏನಾಗ್ಯದ?"

ಅಯ್ಯೋ ಅಂದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಗಾಯ ತೊಳೆದು, ಒಣ ಬಟ್ಟೆಯ ಪಟ್ಟಿ ಕಟ್ಟಿ, ನಾಳೆಯಿಂದ ನಡೆಯುವ ಹಾಗಿಲ್ಲ ಅಂದೆ. ಅವ್ವ ಉತ್ತರವನ್ನೇ ಕೊಡಲಿಲ್ಲ. ಬೆಳಗಿನ ಮೂರಕ್ಕೆ ನೋಡಿದರೆ ಬೂಟು ಹಾಕಿಕೊಂಡು ಕೂತಿದ್ದಳು! ಬಗೆಹರಿಸಿದ್ದು ಗುಂಪಿನ ಹಿರಿಯಳು, ಎಪ್ಪತ್ತರ ಆಸುಪಾಸಿನ ಹುಮನಾಬಾದಿನ ದೊಡ್ಡವ್ವ. ಹಾಸಿಗೆ ಹೇರುತ್ತಿದ್ದ ಗಾಡಿ ತೋರಿಸಿ, "ಅದೇನು ಬ್ಯಾರೆ ಊರಿಗಿ ಹೊಂಟದೇನ? ಸುಮ್ಮ ಏರು" ಅಂದಳು. ಅವ್ವ ಏರಿದಳು. ಏರಿ ನನ್ನ ಕಡೆ ತಿರುಗಿ, "ನನ್ನ ಪಾಲಿಂದು ನೀ ನಡಿ" ಅಂದಳು.

ನಡೆದೆ. ನಳದುರ್ಗದ ಕೋಟೆ, ಬೋರಿ ನದಿಯ ಅಣೆಕಟ್ಟಿನ ಹೊಟ್ಟೆಯೊಳಗೇ ಕಟ್ಟಿರುವ ಪಾಣಿ ಮಹಲ್ ಎಲ್ಲ ನೋಡಬೇಕೆಂದುಕೊಂಡಿದ್ದೆ, ಹೊರಗಿಂದಲೇ ಮುಗಿಯಿತು. ಗಾಡಿ ನಿಂತಲ್ಲೆಲ್ಲ ಪಟ್ಟಿ ಬಿಚ್ಚಿ ನೋಡುವುದೇ ಕೆಲಸ.

ತುಳಜಾಪುರದಲ್ಲಿ ಮಹಾದ್ವಾರ ಹೊಕ್ಕ ಮೇಲೆ ಗುಡಿಗೆ ಏರುವುದಲ್ಲ, ಮೆಟ್ಟಿಲು ಇಳಿಯಬೇಕು. ಮಂಡಿ ಹಿಡಿದವರಿಗೆ ಇಳಿಯುವುದೇ ಕಷ್ಟ. ಕಲ್ಲೋಳ ತೀರ್ಥ, ಗೋಮುಖ ತೀರ್ಥದ ಸುತ್ತ ಕಲ್ಲೆಲ್ಲ ಒದ್ದೆ. ಅವ್ವನ ಬೆರಳ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿದ್ದೆ. ನನ್ನ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಇಳಿದಳು. ಆ ಜನಜಂಗುಳಿಯಲ್ಲಿ ದರ್ಶನ ಎರಡು ಸೆಕೆಂಡು ಸಿಕ್ಕಿರಬಹುದು.

ಗಾಯ ಮಾಯಲು ಆರು ವಾರ ಹಿಡಿಯಿತು. ಬೆರಳು ಉಳಿಯಿತು. ಇಷ್ಟು ಬೇಗ ಕಣ್ಣಿಗೆ ಬಿದ್ದದ್ದಕ್ಕೇ ಉಳಿಯಿತು ಅಂದರು ಡಾಕ್ಟರು. ಈ ವರ್ಷ ಸಕ್ಕರೆ ಇರುವ ತಂದೆತಾಯಿಯನ್ನು ಎಲ್ಲಿಗೇ ನಡೆಸಿಕೊಂಡು ಹೋಗುವವರಿದ್ದರೂ, ನೋವಿದೆಯೇ ಅಂತ ಬಾಯಿಮಾತಿಗೆ ಕೇಳಿ ಬಿಡಬೇಡಿ. ಕಾಲುಚೀಲ ಬಿಚ್ಚಿಸಿ ನೋಡಿ. ಬಿಳಿ ಕಾಲುಚೀಲವೇ ಒಳ್ಳೆಯದು, ಕಲೆ ಬೇಗ ಕಾಣುತ್ತದೆ. ಬೂಟು ಕೊಳ್ಳುವುದಾದರೆ ಸಂಜೆ ಹೊತ್ತು ಕೊಳ್ಳಿ, ಪಾದ ಊದಿರುತ್ತದೆ, ಸರಿಯಾದ ಅಳತೆ ಸಿಗುತ್ತದೆ. ಹೊರಡುವ ಎರಡು ತಿಂಗಳ ಮೊದಲೇ ಹಾಕಿ ರೂಢಿ ಮಾಡಿಸಿ.

ಗಾಡಿ ಏರಿದ ವರ್ಷ ಹರಕೆಗೆ ಜಮಾ ಆಗುವುದಿಲ್ಲ, ಇನ್ನೂ ಎರಡು ಬಾಕಿ ಅನ್ನುತ್ತಾಳೆ ಅವ್ವ. ನಾನು ನಡೆದದ್ದನ್ನು ಸೇರಿಸಿದರೆ ಒಂದೇ ಬಾಕಿ ಅನ್ನುವುದು ದೊಡ್ಡವ್ವನ ತೀರ್ಪು. ಶ್ರಾವಣದಲ್ಲಿ ಇನ್ನೊಮ್ಮೆ ಆ ನೈಲಾನ್ ಎಳೆಯ ಪರೀಕ್ಷೆ ಮಾಡಿಸಿ ಆಮೇಲೆ ಮಾತಾಡೋಣ ಅಂದಿದ್ದೇನೆ. ಅವ್ವ ಹೂಂ ಅಂದಿಲ್ಲ. ಬೂಟನ್ನು ಮಾತ್ರ ತೊಳೆದು ಒಣಗಿಸಿ, ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾಳೆ.