ರೋಜಾದ ಧೂಳು, ಹಳೇ ಕಾರಿನ ಮೂಗು

ಕಲಬುರಗಿಯಲ್ಲಿ ಯಾವುದಕ್ಕೆ ಬರ ಬಂದರೂ ಧೂಳಿಗೆ ಬರವಿಲ್ಲ. ಬೇಸಿಗೆಯಲ್ಲಿ ರೋಜಾದ ಅಂಗಡಿಕಾರರು ಬೆಳಿಗ್ಗೆ ಒರೆಸಿದ ಗಲ್ಲಾಪೆಟ್ಟಿಗೆಯ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು. ಕಮಲಾಪುರದ ಕಡೆ ಹೊರಟರೆ ಕಪನೂರಿನ ಬೇಳೆ ಗಿರಣಿಗಳ ಹೊಟ್ಟು, ಅದನ್ನು ದಾಟಿದರೆ ಹೊಲದ ಮಣ್ಣು. ಇಂಥ ಊರಲ್ಲಿ ಹಳೇ ಅಂಬಾಸಿಡರ್, ಪದ್ಮಿನಿ, ಕಾರ್ಬೊರೇಟರ್ ಕಾಲದ ಮಾರುತಿ 800 ಇಟ್ಟುಕೊಂಡ ಕೆಲವು ಶೋಕಿಲಾಲರು ಮಾಡುವ ಕೆಲಸ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಕಂಪನಿಯವರು ಕೂಡಿಸಿದ ಏರ್ ಫಿಲ್ಟರ್ ಡಬ್ಬಿ ಕಿತ್ತು ಮೂಲೆಗೆಸೆಯುವುದು. ಕಾರ್ಬೊರೇಟರ್ ಬಾಯಿಗೆ ಕೆಂಪು ಬಣ್ಣದ, ಜೋಳದ ತೆನೆಯಂಥ 'ಸ್ಪೋರ್ಟ್ಸ್ ಫಿಲ್ಟರ್' ಸಿಕ್ಕಿಸುವುದು. ಯಾಕ್ರೀ ಅಂದರೆ, "ಸೌಂಡ್ ಮಸ್ತ್ ಬರ್ತದ್ರೀ" ಅನ್ನುತ್ತಾರೆ. ಸೌಂಡು ಬರ್ತದೆ, ಸುಳ್ಳಲ್ಲ. ಅದರ ಜೊತೆಗೆ ಒಳಗೆ ಏನೇನು ಹೋಗ್ತದೆ ಅನ್ನೋದೇ ಪ್ರಶ್ನೆ.

1 ಲೀಟರ್ ಪೆಟ್ರೋಲ್ ಸುಡಬೇಕಾದರೆ ಇಂಜಿನ್ ಸುಮಾರು 9 ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಕಮಲಾಪುರಕ್ಕೆ ಹೋಗಿಬರಲು 6 ಲೀಟರ್ ಖರ್ಚಾದರೆ 50 ಸಾವಿರ ಲೀಟರ್ ದಾಟಿತು. ಅಷ್ಟು ಗಾಳಿಯ ಧೂಳು ಸಿಲಿಂಡರಿಗೆ ನುಗ್ಗಿದರೆ ಎಣ್ಣೆಯ ಜೊತೆ ಕಲೆತು ಸಾಣೆಹಿಟ್ಟಿನ ಹಾಗೆ ಅರೆಯುತ್ತದೆ. ರಿಂಗು ಸವೆಯುತ್ತದೆ, ಎಣ್ಣೆ ಸುಡುತ್ತದೆ, ನೀಲಿ ಹೊಗೆ ಏಳುತ್ತದೆ. ಆ ಹೊಗೆ ಕುಡಿಯುವವರು ಕಾರಿನ ಮಾಲೀಕರಲ್ಲ, ಬಸ್ಸಿಗೆ ಕಾದು ನಿಂತ ಬಡಪಾಯಿಗಳು.

ಇನ್ನೊಂದು ಮಾತು. ಹೊಸ ಕಾರಿನಲ್ಲಿ ಗಾಳಿಗೆ ತಕ್ಕ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಕೊಡುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಮೂಲ ಡಬ್ಬಿ, ಮೂಲ ಫಿಲ್ಟರಿನ ಎಳೆತ ನೋಡಿಯೇ ಅದರ ಜೆಟ್ಟು ಕೊರೆದಿರುತ್ತಾರೆ. ಫಿಲ್ಟರ್ ಬದಲಾಯಿಸಿ ಜೆಟ್ಟು ಹಾಗೇ ಬಿಟ್ಟರೆ ಮಿಶ್ರಣ ತೆಳುವಾಗಿ ಗಾಡಿ ಜಗ್ಗುವುದಿಲ್ಲ. ಕಟ್ಟಿಕೊಂಡ ಫಿಲ್ಟರನ್ನೇ ಓಡಿಸಿದರೆ ಮಿಶ್ರಣ ದಪ್ಪವಾಗಿ ಕರಿಹೊಗೆ. ಹೊಗೆ ತಪಾಸಣೆಯಲ್ಲೂ ಪಾಸಾಗುವುದು ಕಷ್ಟ. ತೆನೆ ಫಿಲ್ಟರ್ ಬಾನೆಟ್ಟಿನೊಳಗಿನ ಕುದಿಯುವ ಗಾಳಿಯನ್ನೇ ಎಳೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಹೊರಗಿನ ಗಾಳಿಯೇ ಸಾಲದೇ? ಇಷ್ಟೂ ಮಾಡಿ ಫಿಲ್ಟರೇ ಇಲ್ಲದೆ, ಬರೀ ಜಾಲರಿ ಕಟ್ಟಿ ಓಡಿಸುವ ಮಹಾಶಯರೂ ಇದ್ದಾರೆ. ಕಾರ್ಬೊರೇಟರ್ ಹಿಮ್ಮುಖವಾಗಿ ಬೆಂಕಿ ಉಗುಳಿದಾಗ ಅದನ್ನು ತಡೆಯುವುದೂ ಆ ಡಬ್ಬಿಯೇ ಎಂಬುದು ಇವರಿಗೆ ತಿಳಿಯುವುದು ಬಾನೆಟ್ ಹೊತ್ತಿಕೊಂಡ ದಿನ.

ತೆನೆ ಫಿಲ್ಟರೆಲ್ಲ ಕೆಟ್ಟದ್ದೆಂದಲ್ಲ. ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಒಳ್ಳೇ ಫಿಲ್ಟರ್ ರೇಸಿನ ಗಾಡಿಗೆ ಸರಿ. ಅಲ್ಲಿ ಇಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಾರೆ. ಇಲ್ಲಿ ಅದನ್ನು ತೊಳೆದು ಮತ್ತೆ ಎಣ್ಣೆ ಹಚ್ಚುವ ಪುಣ್ಯಾತ್ಮರು ಎಷ್ಟು ಮಂದಿ?

2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಅದನ್ನು ಕಟ್ಟಿ ಕಾರು ಉಳಿಸಿಕೊಂಡವರು ಫಿಲ್ಟರ್ ಕೊಳ್ಳುವಾಗ ಮಾತ್ರ "ಸಸ್ತಾದ್ದು ಕೊಡ್ರಿ" ಅನ್ನುತ್ತಾರೆ. ಅಂಗಡಿಯವರೂ ಕೈಗೆ ಸಿಕ್ಕಿದ್ದನ್ನು "ಕೂಡ್ತದ, ಒಯ್ರಿ" ಅಂದುಬಿಡುತ್ತಾರೆ. ಕೂಡ್ತದೆ ಸರಿ, ಅಂಚು ಕೂಡ್ತದೇನು? ಅಂಚಿನ ರಬ್ಬರ್ ಗಟ್ಟಿಯಾಗಿದ್ದರೆ, ಎತ್ತರ ಒಂದು ನೂಲು ಕಡಿಮೆಯಾದರೆ, ಧೂಳು ಕಾಗದದ ಮೂಲಕ ಹೋಗುವುದೇ ಇಲ್ಲ, ಪಕ್ಕದಿಂದ ನುಸುಳುತ್ತದೆ. ಹಳೇ ಫಿಲ್ಟರನ್ನು ಅಂಗಡಿಗೆ ಒಯ್ದು, ಎರಡನ್ನೂ ಜೋಡಿಸಿ ನೋಡಿಯೇ ತರಬೇಕು. ಫಿಲ್ಟರ್ ಆದಮೇಲೆ ಕಾರ್ಬೊರೇಟರಿನ ಮೇಲಿನ ಗ್ಯಾಸ್ಕೆಟ್, ಇಂಜಿನ್ನಿನಿಂದ ಡಬ್ಬಿಗೆ ಬರುವ ಉಸಿರುಕೊಳವೆ ಇವನ್ನೂ ನೋಡಬೇಕು. ಸೀಳಿದ ಕೊಳವೆಯಿದ್ದರೆ ದುಬಾರಿ ಫಿಲ್ಟರ್ ಹಾಕಿಯೂ ವ್ಯರ್ಥ.

ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವ ಪದ್ಧತಿ ಮೊದಲು ನಿಲ್ಲಬೇಕು. ಒಳಗೆ ಬಲ್ಬು ಹಿಡಿದು ಕತ್ತಲಲ್ಲಿ ನೋಡಿದರೆ ತೂತು ಕಾಣುತ್ತದೆ. ಕಂಡರೆ ಕಸದ ಬುಟ್ಟಿಗೆ. ಹಳೇ ಜೀಪುಗಳಂಥ ಗಾಡಿಗಳಲ್ಲಿ ಎಣ್ಣೆ ಬಟ್ಟಲಿನ ಫಿಲ್ಟರ್ ಇರುತ್ತದೆ. ಇದನ್ನು ಹಳೇದೆಂದು ಎಸೆಯಬೇಕಿಲ್ಲ, ಧೂಳಿನ ಊರಿಗೆ ಒಳ್ಳೆಯದೇ. ತಳದ ಕೆಸರು ತೆಗೆದು ಹೊಸ ಎಣ್ಣೆಯನ್ನು ಗುರುತಿನವರೆಗೆ ಮಾತ್ರ ಹಾಕಬೇಕು. ಗುರುತು ದಾಟಿದರೆ ಇಂಜಿನ್ ಅದನ್ನೂ ಎಳೆದು ಸುಡುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಒಳ್ಳೇ ರಸ್ತೆಗೆ. ರೋಜಾದಲ್ಲಿ ಅದರ ಅರ್ಧಕ್ಕೇ ಡಬ್ಬಿಯ ಮುಚ್ಚಳ ತೆಗೆಸಬೇಕು, ಮೆಕ್ಯಾನಿಕ್ ಬೇಡವೆಂದರೂ.