ಕಂಡರೂ ಪ್ರಮಾಣಿಸಿ ನೋಡು

ಪದವಿ ತರಗತಿಯಲ್ಲಿ ಕಿರುಪ್ರಬಂಧ ಬರೆಯಲು ಹೇಳಿದರೆ ಏನಾಗುತ್ತದೆಂಬುದು ಮೇಷ್ಟರಿಗೂ ಗೊತ್ತು, ವಿದ್ಯಾರ್ಥಿಗಳಿಗೂ ಗೊತ್ತು. ಗೈಡಿನಿಂದ ಎರಡು ಪುಟ, ಮೊಬೈಲಿನಿಂದ ಮೂರು ಪುಟ, ಹೋದ ವರ್ಷ ಓದಿದವರು ಬರೆದಿಟ್ಟದ್ದರಿಂದ ಉಪಸಂಹಾರ. ಮೇಲೊಂದು ಬಣ್ಣದ ರಟ್ಟು ಹಾಕಿಸಿ ಬೈಂಡ್ ಮಾಡಿಸಿದರೆ ಸಂಶೋಧನೆ ಮುಗಿಯಿತು. ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ಇತಿಹಾಸದ ವಿದ್ಯಾರ್ಥಿನಿಯೊಬ್ಬಳು ‘ಶ್ರೀರಂಗಪಟ್ಟಣದ ಯುದ್ಧಗಳು’ ಎಂಬ ಪ್ರಬಂಧವನ್ನು ಹೀಗೆಯೇ ಬರೆದು ಕೊಟ್ಟಳು ಎಂದಿಟ್ಟುಕೊಳ್ಳಿ. ಇಂಥವರು ಒಬ್ಬಿಬ್ಬರಲ್ಲ, ಈ ಕಡೆಯ ಕಾಲೇಜುಗಳಲ್ಲಿ ಬೆಂಚಿಗೆ ಇಬ್ಬರು ಸಿಗುತ್ತಾರೆ. ಮೇಷ್ಟರು ಅಂಕ ಕೊಡಲಿಲ್ಲ. ಪುಟಪುಟದ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಬರೆದು ಹಿಂದಿರುಗಿಸಿದರು: ‘ಇದು ನಿನಗೆ ಹೇಗೆ ಗೊತ್ತಾಯಿತು?’

ಹುಡುಗಿಗೆ ಅವಮಾನಕ್ಕಿಂತ ಹೆಚ್ಚಾಗಿ ಆಶ್ಚರ್ಯವಾದದ್ದು ನಾಲ್ಕನೆಯ ಪುಟ ಕಂಡಾಗ. ಅಲ್ಲಿ ಅವಳು ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರದ ಫೋಟೊ ಅಂಟಿಸಿ, ‘ಪೊಳ್ಳಿಲೂರು ಯುದ್ಧ ನಡೆದ ಬಗೆ’ ಎಂದು ಅಡಿಬರಹ ಕೊಟ್ಟಿದ್ದಳು. ಚಿತ್ರವೇ ಕಣ್ಣ ಮುಂದಿರುವಾಗ ಬೇರೆ ಸಾಕ್ಷಿ ಯಾತಕ್ಕೆ? ಆದರೆ ಕೆಂಪು ಶಾಯಿ ಆ ಫೋಟೊದ ಪಕ್ಕದಲ್ಲೂ ಇತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ಅವಳು ಹೈಸ್ಕೂಲಿನಲ್ಲಿ ವಿಸ್ತರಿಸಿ ಬರೆದು ಅಂಕ ಪಡೆದವಳು. ಅದನ್ನು ನಿಜವಾಗಿ ಪಾಲಿಸುವ ಸಂದರ್ಭ ಬಂದದ್ದು ಈಗ.

ಮುಂದಿನ ಭಾನುವಾರ ಅವಳು ಶ್ರೀರಂಗಪಟ್ಟಣಕ್ಕೆ ಹೋಗಿ ಆ ಗೋಡೆಯ ಎದುರು ನಿಂತಳು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದರು. ಕರ್ನಲ್ ಬೈಲಿ ಸೆರೆ ಸಿಕ್ಕಿದ. ಗೋಡೆಯ ಮೇಲೆ ಅವನು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಸುತ್ತ ಅವನ ಸಿಪಾಯಿಗಳು, ಮದ್ದಿನ ಬಂಡಿ ಸಿಡಿಯುತ್ತಿದೆ. ಗೆದ್ದವರ ಮುಖದಲ್ಲಿ ಮಾತ್ರ ಗಾಬರಿಯ ಸುಳಿವಿಲ್ಲ, ಮೆರವಣಿಗೆ ಹೊರಟವರಂತೆ ಇದ್ದಾರೆ. ಇನ್ನೊಂದು ಕಡೆ ನಿಜಾಮನ ದಂಡು, ಅದರ ಜೊತೆಗೆ ಒಂದು ಹಸು, ಒಂದು ಹಂದಿ. ಮೈತ್ರಿಗೆ ಒಪ್ಪಿ ಹಿಂದೆ ಸರಿದವನನ್ನು ಹಂಗಿಸಿದ್ದು ಎನ್ನುವುದು ರೂಢಿಯ ವಿವರಣೆ.

ಮೇಷ್ಟರ ಪ್ರಶ್ನೆಯನ್ನು ಹಿಡಿದುಕೊಂಡು ನೋಡಿದಾಗ ಗೋಡೆಯೇ ಬೇರೆಯಾಗಿ ಕಂಡಿತು. ಅರಮನೆ ಕಟ್ಟಿದ್ದು 1784ರಲ್ಲಿ. ಅಂದರೆ ಚಿತ್ರ ಬರೆದದ್ದು ಯುದ್ಧ ಮುಗಿದು ವರ್ಷಗಳಾದ ಮೇಲೆ, ಗೆದ್ದವನ ಮನೆಯಲ್ಲಿ, ಗೆದ್ದವನ ಖರ್ಚಿನಲ್ಲಿ, ಅವನನ್ನು ಕಾಣಲು ಬರುವವರ ಕಣ್ಣಿಗೆಂದು. ಅಷ್ಟೇ ಅಲ್ಲ. 1799ರಲ್ಲಿ ಪಟ್ಟಣ ಬಿದ್ದ ನಂತರ ಇದೇ ಅರಮನೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಹಾಳಾಗಿದ್ದ ಚಿತ್ರಗಳನ್ನು ಸರಿಪಡಿಸಿಸಿದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಈಗ ಕಾಣುವ ಬಣ್ಣದಲ್ಲಿ ಮೊದಲ ಕುಂಚದ್ದೆಷ್ಟು, ಆಮೇಲಿನದ್ದೆಷ್ಟು ಎಂಬುದೇ ಒಂದು ಪ್ರಶ್ನೆ. ಚಿತ್ರ ಸುಳ್ಳು ಎಂದು ಇದರ ಅರ್ಥವಲ್ಲ. ಯುದ್ಧ ಹೇಗೆ ನಡೆಯಿತು ಎನ್ನುವುದಕ್ಕಿಂತ, ಅದನ್ನು ಜನ ಹೇಗೆ ನೆನೆಯಬೇಕೆಂದು ಟಿಪ್ಪು ಬಯಸಿದ ಎನ್ನುವುದಕ್ಕೆ ಅದು ಬಲವಾದ ಸಾಕ್ಷಿ.

ಸೋತಿದ್ದವರು ಗೆದ್ದಾಗ ಅವರೂ ಸುಮ್ಮನೆ ಕೂರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಕಲಾವಿದ ಆ ದಾಳಿಯ ಚಿತ್ರವನ್ನು ಪ್ರದರ್ಶನಕ್ಕಿಟ್ಟ. ಉದ್ದ ಸುಮಾರು 120 ಅಡಿ. ಆತ ಆಗ ಭಾರತವನ್ನು ಕಂಡವನೇ ಅಲ್ಲ. ಜನ ಮುಗಿಬಿದ್ದು ನೋಡಿದರು. ದಾಳಿಯಲ್ಲಿ ಪಾಲ್ಗೊಂಡವರಿಗೆಂದು ಕಂಪನಿ ಮಾಡಿಸಿದ ಪದಕದಲ್ಲಿ ಹುಲಿಯನ್ನು ಕೆಡವಿ ನಿಂತ ಸಿಂಹವಿತ್ತು. 1839ರಲ್ಲಿ ಡೇವಿಡ್ ವಿಲ್ಕಿ ಇನ್ನೊಂದು ದೊಡ್ಡ ಚಿತ್ರ ಮುಗಿಸಿದ. ಟಿಪ್ಪುವಿನ ದೇಹ ಕೆಳಗೆ, ಮೇಲೆ ದೀಪದ ಬೆಳಕಿನಲ್ಲಿ ಜನರಲ್ ಬೇರ್ಡ್. ಅವನ ಕಾಲ ಬುಡದಲ್ಲಿ ಒಂದು ಕಬ್ಬಿಣದ ಜಾಲರಿ. ಬೇರ್ಡ್ ಪೊಳ್ಳಿಲೂರಿನಲ್ಲೇ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಬಂದಿಯಾಗಿದ್ದವನು. ಆ ಸೆರೆಮನೆಯನ್ನೇ ಜಾಲರಿ ನೆನಪಿಸುತ್ತದೆ. ಈ ಚಿತ್ರ ಬರೆಸಿದ್ದು ಅವನ ವಿಧವೆ. ಗೋಡೆಯ ಮೇಲಿನ ಒಂದು ವಾದಕ್ಕೆ ಬಟ್ಟೆಯ ಮೇಲೆ ಇನ್ನೊಂದು ವಾದ! ಎರಡರ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿನಿಗೆ, ಯಾವುದನ್ನು ನಂಬಬೇಕು ಎನ್ನುವುದಕ್ಕಿಂತ ಯಾರು, ಯಾವಾಗ, ಯಾರಿಗಾಗಿ ಬರೆಸಿದರು ಎಂದು ಮೊದಲು ಕೇಳಬೇಕೆಂಬುದು ಹೊಳೆಯಿತು.

ಚಿತ್ರಗಳಿಂದ ಅವಳು ಅಕ್ಷರಗಳ ಕಡೆಗೆ ತಿರುಗಿದ್ದು ಇಲ್ಲಿಂದ. ಗ್ರಂಥಾಲಯದ ಮೂಲೆಯ ಬೀರುವಿನಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ದಪ್ಪ ಸಂಪುಟಗಳಿದ್ದವು. ಬಿ.ಎಲ್. ರೈಸ್ ಆರಂಭಿಸಿದ ಈ ಕೆಲಸವನ್ನು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಪ್ರಕಟಿಸಿತು. 1977ರ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ. 1979ರ ಏಳನೆಯದರಲ್ಲಿ ನಾಗಮಂಗಲವಿದೆ. ತನ್ನ ಊರಿನ ಸುತ್ತಲಿನ ಹಳ್ಳಿಗಳ ಹೆಸರುಗಳನ್ನು ಅಚ್ಚಿನಲ್ಲಿ ಕಂಡು ಅವಳು ಹಿಗ್ಗಿದಳು. ಆದರೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಕಲ್ಲು ಸವೆದೋ ಒಡೆದೋ ಅಕ್ಷರ ಹೋದ ಕಡೆಯೆಲ್ಲ ವಿದ್ವಾಂಸರು ಚುಕ್ಕಿಗಳನ್ನು ಇಟ್ಟಿದ್ದರು. ಅಷ್ಟು ಓದಿದವರಿಗೆ ಅಲ್ಲಿ ಏನಿದ್ದಿರಬಹುದೆಂದು ಊಹಿಸಲು ಬರುತ್ತಿರಲಿಲ್ಲವೆ? ಬರುತ್ತಿತ್ತು. ಆದರೂ ಊಹೆಯನ್ನು ಕಲ್ಲಿನ ಮಾತಿನೊಳಗೆ ಬೆರೆಸಲಿಲ್ಲ.

ಬರವಣಿಗೆಗೂ ಚಿತ್ರಕ್ಕೂ ಇರುವ ವ್ಯತ್ಯಾಸ ಅವಳಿಗೆ ತಿಳಿದದ್ದು ಈ ಚುಕ್ಕಿಗಳಿಂದ. ಬರೆಯುವವನು ‘ಇಲ್ಲಿ ಗೊತ್ತಿಲ್ಲ’ ಎಂದು ಜಾಗ ಬಿಡಬಹುದು. ಚಿತ್ರ ಬರೆಯುವವನಿಗೆ ಆ ಸೌಲಭ್ಯ ಕಡಿಮೆ. ವಿಲ್ಕಿ ಬೇರ್ಡನಿಗೆ ಒಂದು ಮುಖಭಾವ ಕೊಡಲೇಬೇಕು, ಕೈ ಎಲ್ಲೋ ಒಂದು ಕಡೆ ಚಾಚಿಸಲೇಬೇಕು. ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯಲ್ಲೂ ಅಷ್ಟೆ. ಗೋಡೆಯ ಕೆಳಪಟ್ಟಿಕೆಯಲ್ಲಿ ರಾಮಾಯಣ, ಮಹಾಭಾರತಗಳನ್ನು ಕಡೆದ ಶಿಲ್ಪಿ ಎಲ್ಲಿಯೂ ತೆರಪು ಬಿಟ್ಟಿಲ್ಲ. ಅಕ್ಷರ ಬಾರದವರೂ ಓದಬಹುದಾದ ಪುಸ್ತಕ ಅದು. ಆದರೆ ಆ ಗುಡಿ ಕಟ್ಟಿಸಿದ ವರ್ಷ ಹೇಳುವ ಶಾಸನ ಸಿಕ್ಕಿಲ್ಲ. ಬೇರೆ ಹೊಯ್ಸಳ ಗುಡಿಗಳ ಶೈಲಿಗೆ ಹೋಲಿಸಿ ‘ಸುಮಾರು 1250’ ಎನ್ನುತ್ತಾರೆ. ಅವಳ ಮೊದಲ ಪ್ರಬಂಧದಲ್ಲಿ ‘ಸುಮಾರು’ ಎಂಬ ಪದ ಎಲ್ಲಿಯೂ ಇರಲಿಲ್ಲ.

ಹೆಸರುಗಳಿಗೂ ಇದೇ ಮಾತು ಸಲ್ಲುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದ ಬಂಡೆಗಳ ಊರನ್ನು ಬ್ರಿಟಿಷರು ‘ಫ್ರೆಂಚ್ ರಾಕ್ಸ್’ ಎಂದು ಬರೆದರು. ಜನ ಹಿರೋಡೆ ಎಂದರು. ಈಗ ಅದು ಪಾಂಡವಪುರ. ಪಕ್ಕದಲ್ಲೇ ಕುಂತಿಬೆಟ್ಟವಿದೆ. ನೆಲ ಒಂದೇ, ಆದರೆ ಪ್ರತಿ ಹೆಸರೂ ಅಲ್ಲಿ ಬೇರೊಂದು ನೆನಪನ್ನು ಮುಂದಕ್ಕೆ ತಳ್ಳುತ್ತದೆ.

ಈ ಪಾಠಗಳೆಲ್ಲ ಕಾಲೇಜಿನ ಗೋಡೆಯೊಳಗೇ ಉಳಿಯುತ್ತಿದ್ದವೇನೋ. 2023ರ ಮಾರ್ಚಿನಲ್ಲಿ ಮಂಡ್ಯ ಜಿಲ್ಲೆಯಲ್ಲಿ ಎದ್ದ ಗದ್ದಲ ಅವನ್ನು ಮನೆಯ ಜಗಲಿಗೆ ತಂದಿತು. ಟಿಪ್ಪುವನ್ನು ಕೊಂದವರು ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬ ಮಾತು ಚುನಾವಣೆಯ ಹೊತ್ತಿಗೆ ಜೋರಾಯಿತು. ಪ್ರಧಾನಿ ಬರುವ ಹಾದಿಯಲ್ಲಿ ಅವರ ಹೆಸರಿನ ಮಹಾದ್ವಾರ ಎದ್ದಿತು, ಟೀಕೆ ಬಂದ ಮೇಲೆ ಹೆಸರು ಬದಲಾಯಿತು. ಆಗ ಸಚಿವರಾಗಿದ್ದ ನಿರ್ಮಾಪಕ ಮುನಿರತ್ನ ಅವರು ಅದೇ ಹೆಸರಿನ ಸಿನಿಮಾ ಮಾಡುವುದಾಗಿ ಹೊರಟರು. ಪುಸ್ತಕವೊಂದರಲ್ಲಿ ಆ ಹೆಸರುಗಳಿವೆ ಎಂದು ಒಂದು ಕಡೆಯವರು, ಎಲ್ಲ ಕಲ್ಪನೆ ಎಂದು ಇನ್ನೊಂದು ಕಡೆಯವರು. ಮಾರ್ಚ್ 20ರಂದು, ನಾಗಮಂಗಲ ತಾಲ್ಲೂಕಿನಲ್ಲೇ ಇರುವ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ನಿರ್ಮಾಪಕರನ್ನು ಕರೆಸಿ ಮಾತನಾಡಿದರು. ಶಾಸನ, ದಾಖಲೆಗಳಂಥ ಆಧಾರಗಳನ್ನು ಮೊದಲು ಒಟ್ಟುಮಾಡಿ ಪರಿಶೀಲಿಸಬೇಕು, ಅಲ್ಲಿಯವರೆಗೆ ಗೊಂದಲ ಬೇಡ ಎಂಬುದು ಅವರ ನಿಲುವು. ಸಿನಿಮಾ ನಿಂತಿತು. ಮೇಷ್ಟರ ಕೆಂಪು ಶಾಯಿಯ ಪ್ರಶ್ನೆಯನ್ನೇ ಮಠವೂ ಕೇಳಿತ್ತು.

ಆದರೆ ಮೊಬೈಲಿನಲ್ಲಿ ಚಿತ್ರಗಳು ನಿಲ್ಲಲಿಲ್ಲ. ಕತ್ತಿ ಹಿಡಿದ ವೀರರ ಚಿತ್ರ ಅವಳ ಅಪ್ಪನ ಕೈಗೂ ಬಂತು.

“ಅಲ್ಲ ಕಣವ್ವ, ನೀನು ಓದ್ದೋಳು. ಇದು ದಿಟವಾ?” ಎಂದು ಅಪ್ಪ ಕೇಳಿದರು.

ದಿಟ ಎಂದರೆ ಅಪ್ಪನಿಗೆ ಹೆಮ್ಮೆ. ಸುಳ್ಳು ಎಂದರೆ ಜಗಲಿಯಲ್ಲಿ ಕುಳಿತ ದೊಡ್ಡಪ್ಪನಿಗೆ ಕೋಪ. ದಿನವೂ ಬೆಂಚಿನಲ್ಲಿ ಪಕ್ಕ ಕೂರುವ ಗೆಳತಿ ಶ್ರೀರಂಗಪಟ್ಟಣದ ಮುಸ್ಲಿಂ ಮನೆಯವಳು, ಆ ವಾರ ಅವಳು ಯಾರೊಡನೆಯೂ ಹೆಚ್ಚು ಮಾತಾಡಿರಲಿಲ್ಲ. ಹುಡುಗಿ ತಾನು ಓದಿದ್ದನ್ನಷ್ಟೇ ಹೇಳಿದಳು. ಕೋಟೆಯ ಬಾಗಿಲ ಬಳಿ ಗಾಯಗೊಂಡು ಬಿದ್ದಿದ್ದ ಟಿಪ್ಪುವಿನ ಕತ್ತಿಯ ಪಟ್ಟಿಗೆ ಸಿಪಾಯಿಯೊಬ್ಬ ಕೈಹಾಕಿದ, ಟಿಪ್ಪು ಕತ್ತಿ ಬೀಸಿದ, ಆ ಸಿಪಾಯಿ ತಲೆಗೆ ಗುಂಡಿಕ್ಕಿದ ಎಂದು ಆ ಕಾಲದ ಬ್ರಿಟಿಷ್ ಬರಹಗಳು ಹೇಳುತ್ತವೆ.

“ಆ ಸಿಪಾಯಿ ಯಾರೂಂತ ಹೆಸರೇ ಬರ್ದಿಲ್ಲ ಕಣಪ್ಪ.”

“ಗೆದ್ದೋರೇ ಬರ್ದಿಲ್ವಾ? ಮತ್ತೆ ಇವ್ರು ಹೆಂಗ್ ಬರುದ್ರು?”

ಅಪ್ಪ ಕೇಳಿದ್ದೂ ಅದೇ ಪ್ರಶ್ನೆ. ಕಾಲೇಜು ಮೆಟ್ಟಿಲು ಹತ್ತದವರಿಗೂ ಅದು ಬರುತ್ತದೆ. ಜಮೀನಿನ ಪಹಣಿ ನೋಡದೆ, ಚಕ್ಕುಬಂದಿ ವಿಚಾರಿಸದೆ ಒಂದು ಗುಂಟೆಯನ್ನೂ ಕೊಳ್ಳದ ರೈತರಿಗೆ ದಾಖಲೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಮೀನಿಗೆ ತೋರುವ ಆ ಎಚ್ಚರವನ್ನು ಚಿತ್ರದ ಎದುರು ಮಾತ್ರ ಎಲ್ಲರೂ ಮರೆಯುತ್ತಾರೆ. ಚಿತ್ರ ಕಣ್ಣಿಗೆ ಮೊದಲು ಮುಟ್ಟುತ್ತದೆ, ವಿಚಾರ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದೆ.

ಎರಡನೆಯ ಸಲ ಬರೆದ ಪ್ರಬಂಧ ಮೊದಲಿನದಕ್ಕಿಂತ ತೆಳ್ಳಗಿತ್ತು. ಭಿತ್ತಿಚಿತ್ರದ ಫೋಟೊ ಹಾಗೆಯೇ ಇತ್ತು, ಅಡಿಬರಹ ಬದಲಾಗಿತ್ತು: ‘ಪೊಳ್ಳಿಲೂರು ವಿಜಯವನ್ನು ಟಿಪ್ಪು ತನ್ನ ಅರಮನೆಯಲ್ಲಿ ಚಿತ್ರಿಸಿಸಿದ ಬಗೆ, ಮುಂದೆ ಬ್ರಿಟಿಷರ ಕಾಲದಲ್ಲಿ ತಿದ್ದಿದ್ದು.’ ಅದಕ್ಕೆ ಎದುರಾಗಿ ವಿಲ್ಕಿಯ ಚಿತ್ರವಿತ್ತು. ಗುಂಡು ಹಾರಿಸಿದವನ ಹೆಸರು ಬರಬೇಕಾದ ಕಡೆ ಅವಳು ಚುಕ್ಕಿಗಳನ್ನು ಇಟ್ಟಿದ್ದಳು.

ಇಂಥ ಬರಹಕ್ಕೆ ವಿಷಯ ಹುಡುಕಿಕೊಂಡು ಲಂಡನ್ನಿಗೆ ಹೋಗಬೇಕಾಗಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲುಗಳೂ ಶಾಸನಗಳೂ ನಿಂತಿವೆ. ಕೆಲವಕ್ಕೆ ಅರಿಶಿನ ಕುಂಕುಮ, ಕೆಲವಕ್ಕೆ ಸುಣ್ಣ, ಇನ್ನು ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ. ಅಳಿದುಳಿದ ಅಕ್ಷರಗಳು ಪೂರ್ತಿ ಸವೆಯುವ ಮುನ್ನ ಯಾರಾದರೂ ಹೋಗಿ ಓದಬೇಕು.